ಕೊಳ್ಳೇಗಾಲದ ಹುಡುಗಿ ಜಾದೂ ಕಲಿಯಬಾರದೇ?

ಪ್ರಶ್ನೆ: ರಜೆಯಲ್ಲಿ ಮನೆಮಂದಿಯೆಲ್ಲ ಕೂತು ‘ಮ್ಯಾಜಿಕ್ ಕ್ಯಾಂಪ್’ ಎಂಬ ಇಂಗ್ಲಿಷ್ ಸಿನಿಮಾ ನೋಡಿದೆವು. ಅಂದಿನಿಂದ ಹತ್ತು ವರ್ಷದ ಮಗಳು ಜಾದೂ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮದು ಕೊಳ್ಳೇಗಾಲ. ನನ್ನ ತವರು ಯಳಂದೂರು, ನಾದಿನಿಯನ್ನು ಹನೂರಿಗೆ ಕೊಟ್ಟಿದ್ದೇವೆ. “ಊರ ಹೆಸರು ಹೇಳಿದರೆ ಸಾಕು, ಮಾಟ ಮಾಡ್ತೀರಾ ಅಂತ ಜನ ಕೇಳ್ತಾರೆ. ಇನ್ನು ಮೊಮ್ಮಗಳ ಕೈಗೆ ಮಂತ್ರದಂಡ ಬೇರೆ ಕೊಡ್ತೀಯಾ?” ಎಂದು ನಮ್ಮತ್ತೆ ಗದರುತ್ತಾರೆ. ಮಾಟಮಂತ್ರಕ್ಕೂ ಜಾದೂಗೂ ನಿಜವಾಗಿ ಏನು ವ್ಯತ್ಯಾಸ? ಹೆಣ್ಣುಮಕ್ಕಳಿಗೆ ಇದು ಒಪ್ಪುತ್ತದೆಯೇ? ಇಲ್ಲೇ ಇದ್ದುಕೊಂಡು ಕಲಿಯಲು ದಾರಿ ಇದೆಯೇ?
— ಓದುಗರೊಬ್ಬರು, ಕೊಳ್ಳೇಗಾಲ

ಉತ್ತರ: ಕಲಿಸಿ. ಖಂಡಿತ ಕಲಿಸಿ. ಬೇರೆ ಯಾವುದೋ ಊರಿನ ತಾಯಿ ಕೇಳಿದ್ದರೆ ‘ಒಳ್ಳೆಯ ಹವ್ಯಾಸ, ಅಡ್ಡಿಯಿಲ್ಲ’ ಎಂದು ಎರಡು ಸಾಲು ಬರೆದು ಮುಗಿಸುತ್ತಿದ್ದೆ. ನಿಮ್ಮ ಪತ್ರ ಬಂದಿರುವುದು ಕೊಳ್ಳೇಗಾಲದಿಂದ. ಕರ್ನಾಟಕದಲ್ಲಿ ಜಾದೂ ಕಲಿಯಲು ಯಾವುದಾದರೂ ಊರಿನ ಮಕ್ಕಳಿಗೆ ಉಳಿದವರಿಗಿಂತ ಒಂದು ಕಾರಣ ಹೆಚ್ಚಿಗೆ ಇದ್ದರೆ ಅದು ನಿಮ್ಮೂರಿನ ಮಕ್ಕಳಿಗೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ನಿಮ್ಮತ್ತೆಯವರಿಗೂ ಓದಿ ಹೇಳಿ.

ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿದೆ. ಬೆಂಗಳೂರಿನ ಹಾಸ್ಟೆಲಿನಲ್ಲೋ ಮೈಸೂರಿನ ಕಚೇರಿಯಲ್ಲೋ ‘ನಮ್ಮೂರು ಕೊಳ್ಳೇಗಾಲ’ ಎಂದ ಕೂಡಲೇ ಎದುರಿನವರು ನಗುತ್ತಾರೆ, ‘ಹಾಗಾದ್ರೆ ನಿಮ್ಮ ತಂಟೆಗೆ ಬರಬಾರದು’ ಅನ್ನುತ್ತಾರೆ. ಸಿನಿಮಾ ಸಂಭಾಷಣೆಯಲ್ಲಿ ಮಾಟ ಎಂದರೆ ಕೊಳ್ಳೇಗಾಲ, ಹರಟೆಯಲ್ಲೂ ಅದೇ. ನೇಯ್ಗೆಯವರು ಮಗ್ಗದ ಮೇಲೆ ನೇಯ್ದ ರೇಷ್ಮೆ ಸೀರೆ, ಕಂಸಾಳೆಯವರ ಹಾಡು, ಮಾದಪ್ಪನ ಮಲೆಗೆ ನಡೆದು ಹೋಗುವ ಪರಿಷೆ, 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದೂ ಕನ್ನಡವನ್ನು ಬಿಡದ ತಾಲ್ಲೂಕು ಎಂಬ ಇತಿಹಾಸ, ಇದ್ಯಾವುದೂ ಆ ನಗುವಿನ ಮುಂದೆ ನಿಲ್ಲುವುದಿಲ್ಲ. ಡಾ. ರಾಜ್‌ಕುಮಾರ್ ಅವರ ಹೆಸರಿನ ಮೊದಲಿಗೇ ಕೂತಿರುವ ಸಿಂಗಾನಲ್ಲೂರು ಈ ತಾಲ್ಲೂಕಿನದೇ ಎಂಬುದೂ ಹಲವರಿಗೆ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳುತ್ತೇನೆ. ಕರ್ನಾಟಕ ಕೊಳ್ಳೇಗಾಲಕ್ಕೆ ಏನು ಮಾಡಿತೋ, ಒಂದು ಕಾಲದಲ್ಲಿ ಹೊರದೇಶದವರು ಇಡೀ ಭಾರತಕ್ಕೆ ಅದನ್ನೇ ಮಾಡಿದ್ದರು. 1890ರಲ್ಲಿ ಅಮೆರಿಕದ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆ ಒಂದು ವರದಿ ಅಚ್ಚು ಹಾಕಿತು. ಭಾರತದ ಫಕೀರನೊಬ್ಬ ಹಗ್ಗವನ್ನು ಮೇಲಕ್ಕೆ ಎಸೆಯುತ್ತಾನೆ, ಅದು ಆಕಾಶದಲ್ಲಿ ನಿಲ್ಲುತ್ತದೆ, ಹುಡುಗನೊಬ್ಬ ಅದನ್ನು ಹತ್ತಿ ಮಾಯವಾಗುತ್ತಾನೆ ಎಂದು. ಕೆಲವೇ ತಿಂಗಳಲ್ಲಿ ಪತ್ರಿಕೆಯೇ ಅದು ಕಟ್ಟುಕಥೆ ಎಂದು ಒಪ್ಪಿಕೊಂಡಿತು. ಬರೆದವನು ಜಾನ್ ವಿಲ್ಕಿ ಎಂಬ ವರದಿಗಾರ. ತಪ್ಪೊಪ್ಪಿಗೆಯನ್ನು ಯಾರೂ ಓದಲಿಲ್ಲ, ಹಗ್ಗದ ಕಥೆ ಮಾತ್ರ ಲೋಕ ಸುತ್ತಿತು. ಭಾರತ ಎಂದರೆ ಮಾಯಾಮಂತ್ರದ ದೇಶ ಎಂಬ ಹೆಸರು ಗಟ್ಟಿಯಾಯಿತು.

ಆ ಹೆಸರನ್ನು ಕೇಳಿ ನಾಚಿಕೊಳ್ಳದೆ ಅದನ್ನೇ ರಂಗದ ಮೇಲಕ್ಕೆ ಹೊತ್ತು ತಂದವರು ಬಂಗಾಳದ ಪಿ.ಸಿ. ಸೊರ್ಕಾರ್ (1913–1971). ಮಹಾರಾಜನ ಪೇಟ, ಜರತಾರಿ ಅಂಗಿ ತೊಟ್ಟು ‘ಇಂದ್ರಜಾಲ’ ಎಂದೇ ಹೆಸರಿಟ್ಟ ಪ್ರದರ್ಶನವನ್ನು ದೇಶದೇಶಕ್ಕೆ ಕೊಂಡೊಯ್ದರು. 1956ರ ಏಪ್ರಿಲ್‌ನಲ್ಲಿ ಬಿಬಿಸಿಯ ನೇರ ಪ್ರಸಾರದಲ್ಲಿ ಯುವತಿಯೊಬ್ಬಳನ್ನು ಗರಗಸದಿಂದ ಎರಡು ಭಾಗ ಮಾಡಿದಂತೆ ತೋರಿಸಿದರು. ಆಕೆ ಎದ್ದು ಬರುವ ಮುನ್ನವೇ ಕಾರ್ಯಕ್ರಮದ ಹೊತ್ತು ಮುಗಿದುಹೋಯಿತು. ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ಇಂಗ್ಲೆಂಡಿನ ಜನ ಬಿಬಿಸಿಗೆ ದೂರವಾಣಿ ಕರೆಗಳ ಸುರಿಮಳೆ ಮಾಡಿದರು. ಮರುದಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಮಂತ್ರವಾದಿಗಳ ದೇಶದವನು ಎಂದು ಕರೆಸಿಕೊಂಡವರು ಮಂತ್ರದ ಲವಲೇಶವೂ ಇಲ್ಲದೆ, ಬರೀ ಕೈಚಳಕ ಮತ್ತು ಸಿದ್ಧತೆಯಿಂದ ಲೋಕದ ಮೊದಲ ಸಾಲಿನ ಜಾದೂಗಾರರಾದರು. ನಿಮ್ಮ ಮಗಳು ಮುಂದೊಂದು ದಿನ ‘ಕೊಳ್ಳೇಗಾಲದ ಜಾದೂಗಾರ್ತಿ’ ಎಂದು ತಾನೇ ಭಿತ್ತಿಪತ್ರ ಬರೆಸಿಕೊಂಡರೆ ಟಿಕೆಟ್ ಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ಊರಿನ ಹೆಸರು ಆಗ ಅವಳ ಪರ ಕೆಲಸ ಮಾಡುತ್ತದೆ.

ಈಗ ಮಾಟಕ್ಕೂ ಜಾದೂಗೂ ಏನು ವ್ಯತ್ಯಾಸ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ.

ಮಾಟದ ಹೆಸರಿನಲ್ಲಿ ಜನರನ್ನು ಹೆದರಿಸುವವರ ಅಚ್ಚುಮೆಚ್ಚಿನ ಆಟ ನಿಂಬೆಹಣ್ಣಿನದು. ‘ನಿಮ್ಮ ಮನೆಗೆ ಯಾರೋ ಮಾಡಿಸಿದ್ದಾರೆ, ನೋಡಿ’ ಎಂದು ಹಣ್ಣು ಕೊಯ್ದರೆ ರಕ್ತ ಬರುತ್ತದೆ. ಕೂತವರ ಎದೆ ನಡುಗುತ್ತದೆ. ನೀವೇ ಮಾಡಿ ನೋಡಿ. ಹಿತ್ತಲಿನ ಕೆಂಪು ದಾಸವಾಳದ ಎಸಳುಗಳನ್ನು ಚಾಕುವಿನ ಅಲಗಿನ ಎರಡೂ ಬದಿಗೆ ಚೆನ್ನಾಗಿ ಉಜ್ಜಿ ಒಣಗಲು ಬಿಡಿ. ಅಲಗಿನ ಮೇಲೆ ಮಬ್ಬು ನೇರಳೆ ಬಣ್ಣದ ಕಲೆ ಉಳಿಯುತ್ತದೆ, ದೂರದಿಂದ ನೋಡಿದವರಿಗೆ ಹಳೆಯ ಚಾಕುವಿನಂತೆ ಕಾಣುತ್ತದೆ, ಅಷ್ಟೆ. ಅದರಿಂದ ನಿಂಬೆಹಣ್ಣು ಕೊಯ್ದರೆ ಹುಳಿರಸ ತಾಕಿದ ಕೂಡಲೇ ಆ ಕಲೆ ಕಡುಗೆಂಪಾಗಿ ಹರಿಯುತ್ತದೆ. ದಾಸವಾಳದ ಬಣ್ಣಕ್ಕೆ ಹುಳಿ ಸೇರಿದರೆ ಕೆಂಪೇರುವ ಗುಣವಿದೆ, ಬೇರೇನೂ ಇಲ್ಲ. ಇಂಥದೇ ಬಣ್ಣದಾಟವನ್ನು ನಿಮ್ಮತ್ತೆ ಎಷ್ಟೋ ವರ್ಷದಿಂದ ಮಾಡುತ್ತಲೇ ಬಂದಿದ್ದಾರೆ. ಬಾಣಂತಿಗೆ, ಮದುವಣಗಿತ್ತಿಗೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ನೀರು ರಕ್ತದಂತೆ ಕೆಂಪಾಗುತ್ತದಲ್ಲ, ಅಲ್ಲಿ ಬಣ್ಣ ತಿರುಗಿಸುವುದು ಹುಳಿಯಲ್ಲ, ಸುಣ್ಣದ ಕ್ಷಾರ. ಆ ನೀರನ್ನು ಕಂಡು ಮನೆಯಲ್ಲಿ ಯಾರೂ ಹೆದರುವುದಿಲ್ಲ, ಯಾಕೆಂದರೆ ಅದನ್ನು ಕಲೆಸಿದ ಕೈ ಎಲ್ಲರಿಗೂ ಗೊತ್ತು.

ಚಾಕು ಹಿಡಿಯುವುದು ನೀವಾಗಿರಿ, ದಾಸವಾಳ ಉಜ್ಜುವುದು ಮಗಳಾಗಲಿ. ಒಂದು ಸಲ ತನ್ನ ಕೈಯಾರೆ ನಿಂಬೆಹಣ್ಣಿನಲ್ಲಿ ‘ರಕ್ತ’ ಬರಿಸಿದ ಹುಡುಗಿಯನ್ನು ಮುಂದೆ ಅದೇ ಹಣ್ಣು ತೋರಿಸಿ ಹೆದರಿಸಲು ಯಾರಿಗೂ ಆಗುವುದಿಲ್ಲ. ನಾನು ಮೇಲೆ ಹೇಳಿದ ಹೆಚ್ಚಿನ ಕಾರಣ ಇದೇ.

ಜಾದೂಗಾರನೂ ಕಣ್ಣಿಗೆ ಮೋಸ ಮಾಡುತ್ತಾನೆ. ಆದರೆ ಮುಂಚೆಯೇ ಹೇಳಿ ಮಾಡುತ್ತಾನೆ. ‘ನಿಮ್ಮ ಕಣ್ಣು ತಪ್ಪಿಸುತ್ತೇನೆ, ಹಿಡಿಯಿರಿ ನೋಡೋಣ’ ಎಂಬುದು ಅವನಿಗೂ ನೋಡುವವರಿಗೂ ಇರುವ ಒಪ್ಪಂದ. ಆಟ ಮುಗಿದ ಮೇಲೆ ನಿಮ್ಮ ರೂಪಾಯಿ ನಿಮಗೆ ವಾಪಸ್ಸು, ಉಂಗುರ ವಾಪಸ್ಸು, ಮನಸ್ಸಿಗೆ ಒಂದಷ್ಟು ಸಂತೋಷ. ಯಂತ್ರ ಕಟ್ಟಿಸಿ, ತಡೆ ಹೊಡೆಸಿ ಎನ್ನುವವನು ಅದೇ ಕೈಚಳಕ ಮಾಡಿ ಅದನ್ನು ಶಕ್ತಿ ಎಂದು ಹೇಳುತ್ತಾನೆ. ಮಗುವಿನ ಕಾಯಿಲೆಯನ್ನೋ ನಿಂತುಹೋದ ಮದುವೆಯನ್ನೋ ಹಿಡಿದುಕೊಂಡು ಸುಲಿಯುತ್ತಾನೆ. ಹೋಗುವಾಗ ನೆರೆಮನೆಯವರ ಮೇಲೆ, ಸ್ವಂತ ಓರಗಿತ್ತಿಯ ಮೇಲೆ ಅನುಮಾನ ಬಿತ್ತಿ ಹೋಗುತ್ತಾನೆ. ಹಣ ಹೋದದ್ದು ಹಾಗಿರಲಿ, ಆ ಅನುಮಾನದಿಂದ ಒಡೆದ ಮನೆಗಳು ಮತ್ತೆ ಕೂಡುವುದಿಲ್ಲ. ನಿಧಿಯಾಸೆಗೆ, ದೆವ್ವ ಬಿಡಿಸುವ ನೆಪಕ್ಕೆ ಮನುಷ್ಯರನ್ನು ಹಿಂಸಿಸುವುದನ್ನು ಅಪರಾಧವೆಂದು ಸಾರುವ 2017ರ ಕಾಯ್ದೆ ನಮ್ಮ ರಾಜ್ಯದಲ್ಲಿ 2020ರಿಂದ ಜಾರಿಯಲ್ಲಿದೆ. ಕಾಯ್ದೆ ಬೇಕು. ಆದರೆ ಪೊಲೀಸರು ಬರುವುದು ಎಲ್ಲ ನಡೆದ ಮೇಲೆ. ದಾಸವಾಳದ ಗುಟ್ಟು ಗೊತ್ತಿರುವ ಹುಡುಗಿ ಮನೆಯಲ್ಲಿದ್ದರೆ ಅದು ನಡೆಯುವ ಮುನ್ನವೇ ಹೇಳುತ್ತಾಳೆ: “ಆ ಚಾಕು ಬೇಡ, ನಮ್ಮನೆ ಚಾಕು ತರ್ತೀನಿ.”

ಇಲ್ಲಿ ಒಂದು ಎಚ್ಚರ. ಪವಾಡ ಎಂಬುದನ್ನೆಲ್ಲ ಒಂದೇ ಮೂಟೆಗೆ ಕಟ್ಟಬೇಡಿ. ಮಾದಪ್ಪ ಹುಲಿ ಏರಿ ಎಪ್ಪತ್ತೇಳು ಮಲೆ ಸುತ್ತಿದ್ದು, ಹಲಗೂರಿನ ಪಾಂಚಾಳರ ಮುಂದೆ ಸಿದ್ದಪ್ಪಾಜಿ ಗೆದ್ದು ಬಂದದ್ದು, ಇವು ದೇವರಗುಡ್ಡರೂ ನೀಲಗಾರರೂ ರಾತ್ರಿಯೆಲ್ಲ ಹಾಡಿ ಕಾಪಾಡಿಕೊಂಡು ಬಂದ ಮಹಾಕಾವ್ಯಗಳು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಚಂದ್ರಮಂಡಲ ಉರಿಯುವುದನ್ನು ನೋಡಲು ನಿಂತವರು ಮೋಸ ಹೋಗಲು ನಿಂತವರಲ್ಲ. ಆ ಕಥೆಗಳಲ್ಲಿ ಬಡವರ, ತುಳಿಸಿಕೊಂಡವರ ದನಿ ಇದೆ. ಅವನ್ನು ಮಗಳು ಭಕ್ತಿಯಿಂದಲೋ ಕಾವ್ಯವೆಂದೋ ಕೇಳಲಿ, ಕೇಳಲೇಬೇಕು. ನಮ್ಮ ತಕರಾರು ಜೀವಂತ ಮನುಷ್ಯನೊಬ್ಬ ಎದುರು ಕೂತು ‘ನನಗೆ ಶಕ್ತಿ ಇದೆ, ದುಡ್ಡು ಇಡು’ ಎಂದಾಗ ಮಾತ್ರ.

ಈ ತಕರಾರನ್ನು ಕರ್ನಾಟಕದಲ್ಲಿ ಬಹಿರಂಗವಾಗಿ ಎತ್ತಿದವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಅವರು ಒಂದು ಸಮಿತಿ ರಚಿಸಿದರು. ಪ್ರಶ್ನೆ ಮಾಡದೆ ಒಪ್ಪಬೇಡಿ ಎಂಬುದು ಅವರು ಹೋದಲ್ಲೆಲ್ಲ ಮಕ್ಕಳಿಗೆ ಹೇಳುತ್ತಿದ್ದ ಮಾತು. ನಿಮ್ಮೂರಿನ ಹಳೆಯ ಜಿಲ್ಲಾ ಕೇಂದ್ರವಾದ ಕೊಯಮತ್ತೂರಿನ ಪಕ್ಕದ ಪೋತನೂರಿನಲ್ಲಿ ನೆಲೆಸಿದ್ದ ಬಿ. ಪ್ರೇಮಾನಂದ್ (1930–2009) ಜಾದೂ ಕಲಿತು, ದೇವಮಾನವರು ಮಾಡುವುದನ್ನೆಲ್ಲ ತಾವೇ ವೇದಿಕೆಯ ಮೇಲೆ ಮಾಡಿ, ಹೇಗೆಂದು ಬಿಡಿಸಿ ಹೇಳುತ್ತ ಊರೂರು ಅಲೆದರು. ಈಗ ನಮ್ಮಲ್ಲಿ ಹುಲಿಕಲ್ ನಟರಾಜ್ ಅವರು ಶಾಲೆ, ಕಾಲೇಜು, ಹಳ್ಳಿಯ ಕಟ್ಟೆಗಳಲ್ಲಿ ಪವಾಡ ಬಯಲು ಕಾರ್ಯಕ್ರಮ ಮಾಡುತ್ತಿದ್ದಾರೆ. ಇನ್ನೊಂದು ಕಡೆ ಮಂಗಳೂರಿನ ಕುದ್ರೋಳಿ ಗಣೇಶ್, ಉಡುಪಿಯ ಪ್ರಹ್ಲಾದ ಆಚಾರ್ಯ, ಉದಯ್ ಜಾದೂಗಾರ್ ಮೊದಲಾದವರು ಜಾದೂವನ್ನು ಶುದ್ಧ ರಂಗಕಲೆಯಾಗಿ ಬೆಳೆಸಿದ್ದಾರೆ. ಒಬ್ಬರು ಗುಟ್ಟು ಬಿಚ್ಚುತ್ತಾರೆ, ಇನ್ನೊಬ್ಬರು ಮುಚ್ಚಿಡುತ್ತಾರೆ. ಮಗಳು ಎರಡನ್ನೂ ಕಲಿಯಲಿ. ಮೋಸಕ್ಕೆ ಬಳಸುವ ಗುಟ್ಟನ್ನು ಬೀದಿಯಲ್ಲಿ ನಿಂತು ಹೇಳಬೇಕು. ಕಲೆಗೆ ಬಳಸುವ ಗುಟ್ಟನ್ನು ತಂಗಿ ಅತ್ತು ಕೇಳಿದರೂ ಹೇಳಬಾರದು. ನಾನು ನಿಂಬೆಹಣ್ಣಿನದನ್ನು ಬಿಚ್ಚಿ ಹೇಳಿದ್ದು ಇದೇ ಲೆಕ್ಕದಿಂದ.

ನೀವು ನೋಡಿದ ಸಿನಿಮಾದ ಬಗ್ಗೆಯೂ ಒಂದು ಮಾತು. 2020ರಲ್ಲಿ ಡಿಸ್ನಿ ಬಿಡುಗಡೆ ಮಾಡಿದ, ಮಾರ್ಕ್ ವಾಟರ್ಸ್ ನಿರ್ದೇಶನದ ‘ಮ್ಯಾಜಿಕ್ ಕ್ಯಾಂಪ್’ ಮಕ್ಕಳ ಜೊತೆ ನಿಶ್ಚಿಂತೆಯಿಂದ ನೋಡಬಹುದಾದ ಹಗುರ ಚಿತ್ರ. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆಂದು ಮಕ್ಕಳೇ ಹೇಳಿಬಿಡುತ್ತಾರೆ, ಪರವಾಗಿಲ್ಲ. ತಂದೆಯನ್ನು ಕಳೆದುಕೊಂಡ ಹುಡುಗ ತಿಯೋ ಇಸ್ಪೀಟಿನ ಎಲೆಗಳನ್ನು ಅದ್ಭುತವಾಗಿ ಆಡಿಸಬಲ್ಲ, ಆದರೆ ವೇದಿಕೆ ಹತ್ತಿದರೆ ಕೈಕಾಲು ನಡುಗುತ್ತದೆ. ಅವನ ಗುರು ಸ್ವತಃ ಜಾದೂಗಾರನಾಗಿ ಸೋತವನು. ಆ ಹುಡುಗನ ಭಯವನ್ನು ಚಿತ್ರ ಹಗುರವಾಗಿ ತೆಗೆದುಕೊಂಡಿಲ್ಲ, ಅದು ನನಗೆ ಇಷ್ಟವಾಯಿತು. ಮರೆಮಾಚಿದ್ದು ಅಭ್ಯಾಸವನ್ನು. ಮಕ್ಕಳು ನಾಲ್ಕು ಹಾಡಿನ ಹೊತ್ತಿನಲ್ಲಿ ಕಲಿತುಬಿಡುತ್ತಾರೆ. ಅಂಥ ಶಿಬಿರಗಳು ನಿಜಕ್ಕೂ ಇವೆ, ನ್ಯೂಯಾರ್ಕಿನ ಟ್ಯಾನನ್ಸ್ ಎಂಬ ಜಾದೂ ಅಂಗಡಿಯವರು 1974ರಿಂದ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುತ್ತಿದ್ದಾರೆ. ಆದರೆ ಶಿಬಿರದಲ್ಲಿ ಸಿಗುವುದು ಆರಂಭ ಮಾತ್ರ. ಉಳಿದದ್ದು ಮನೆಯ ಕನ್ನಡಿಯ ಮುಂದೆ.

ಕೈ ಪಳಗುವುದೆಂದರೆ ಏನೆಂದು ನಿಮ್ಮ ಕಡೆಯ ಮಕ್ಕಳಿಗೆ ಅಮೆರಿಕದ ಸಿನಿಮಾ ಹೇಳಿಕೊಡಬೇಕಾಗಿಲ್ಲ. ಬೀಸು ಕಂಸಾಳೆ ಆಡುವವರನ್ನು ಹತ್ತಿರದಿಂದ ನೋಡಲಿ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ ಕೂತಿರುತ್ತದೆ, ಬಲಗೈಯದು ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ, ಜೊತೆಗಾರನ ಮೈಸುತ್ತ ಬೀಸಿ ಬಂದು ಸರಿಯಾದ ಪೆಟ್ಟಿಗೆ ಬಟ್ಟಲಿಗೇ ಬಡಿಯುತ್ತಾರೆ. ಅವರು ಕೈ ನೋಡಿಕೊಳ್ಳುವುದಿಲ್ಲ. ಜಾದೂಗಾರನೂ ಗುಟ್ಟು ನಡೆಯುವ ಕೈಯನ್ನು ನೋಡುವುದಿಲ್ಲ, ನೋಡಿದರೆ ಜನರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಒಂದು ರೂಪಾಯಿ ನಾಣ್ಯವನ್ನು ಬಲಗೈಗೆ ಕೊಟ್ಟಂತೆ ಮಾಡಿ ಎಡಗೈಯಲ್ಲೇ ಉಳಿಸಿಕೊಳ್ಳುವ ಆಟ ಎಲ್ಲರೂ ಮೊದಲು ಕಲಿಯುವುದು. ಅದರಲ್ಲಿ ಬೆರಳಿನ ಕೆಲಸ ಅರ್ಧ, ಖಾಲಿಯಾದ ಬಲಗೈಯೊಳಗೆ ನಾಣ್ಯ ಇದೆಯೆಂದು ತಾನೇ ನಂಬಿ ಆ ಮುಷ್ಟಿಯನ್ನು ನೋಡುವುದು ಇನ್ನರ್ಧ. ಕನ್ನಡಿ ಮುಂದೆ ಅಭ್ಯಾಸ ಮಾಡುವ ಮಕ್ಕಳು ಸರಿಯಾಗಿ ಆ ಕ್ಷಣಕ್ಕೆ ಕಣ್ಣು ಮಿಟುಕಿಸಿ ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ. ಹಾಗಾಗಿ ನಡುನಡುವೆ ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ.

ನಿಮ್ಮ ತವರಿಗೆ ಹೋದಾಗ ಅವಳನ್ನು ಯಳಂದೂರಿನ ಗೌರೀಶ್ವರ ದೇವಸ್ಥಾನಕ್ಕೆ ಕರೆದೊಯ್ಯಿರಿ. ಅಲ್ಲಿನ ಹೆಬ್ಬಾಗಿಲಿಗೆ ಬಳೆ ಮಂಟಪವೆಂದು ಹೆಸರು. ಹದಿನಾಡಿನ ಪಾಳೇಗಾರರ ಕಾಲದ ಶಿಲ್ಪಿಗಳು ಅಲ್ಲಿ ಕಲ್ಲಿನ ಬಳೆಗಳನ್ನು ಒಂದರೊಳಗೊಂದು ಸರಪಳಿಯಾಗಿ ಇಳಿಬಿಟ್ಟಿದ್ದಾರೆ. ಜಾದೂ ಪ್ರಪಂಚದ ಅತಿ ಹಳೆಯ, ಇಂದಿಗೂ ಚಪ್ಪಾಳೆ ಗಿಟ್ಟಿಸುವ ಆಟಗಳಲ್ಲಿ ಒಂದು ಲೋಹದ ಬಳೆಗಳದ್ದು: ಬಿಡಿಬಿಡಿಯಾದ ಬಳೆಗಳು ಎಲ್ಲರ ಕಣ್ಣೆದುರೇ ಒಂದಕ್ಕೊಂದು ಸೇರಿಕೊಳ್ಳುತ್ತವೆ, ಮತ್ತೆ ಬಿಡಿಯಾಗುತ್ತವೆ. ಬಳೆ ಮಂಟಪದ ಕೆಳಗೆ ನಿಂತ ಮಗು ಕೇಳುವ ಮೊದಲ ಪ್ರಶ್ನೆ, ‘ಈ ಕಲ್ಲುಬಳೆ ಆ ಕಲ್ಲುಬಳೆಯೊಳಗೆ ಹೇಗೆ ಹೋಯಿತು?’ ಎಂದು. ಅದು ಹೋಗಲೇ ಇಲ್ಲ. ಒಂದೇ ಕಲ್ಲನ್ನು ಸುತ್ತಲಿಂದ ಕೆತ್ತುತ್ತ ಬೇಡದ್ದನ್ನು ತೆಗೆದಾಗ ಉಳಿದದ್ದೇ ಸರಪಳಿ. ಬಳೆಗಳು ಯಾವತ್ತೂ ಬೇರೆಬೇರೆ ಇರಲಿಲ್ಲ. ಜಾದೂ ನೋಡಿ ತಲೆ ಕೆಡಿಸಿಕೊಂಡಾಗಲೂ ಹೀಗೇ ಮಾಡಬೇಕು. ‘ಹೇಗಾಯಿತು’ ಎಂದು ಕೇಳುವ ಮೊದಲು ‘ನಾನು ಅಂದುಕೊಂಡದ್ದು ನಿಜಕ್ಕೂ ಆಯಿತೇ’ ಎಂದು ಕೇಳಿಕೊಳ್ಳಬೇಕು. ಲೋಹದ ಬಳೆಗಳ ಗುಟ್ಟು ಮಾತ್ರ ನಾನು ಹೇಳುವುದಿಲ್ಲ, ಅದು ಕಲೆಯದು.

ಇನ್ನು ಈ ವಾರವೇ ಶುರು ಮಾಡಲು ಒಂದು ಆಟ ಕೊಡುತ್ತೇನೆ. ಇದನ್ನು ಸಾಮಾನ್ಯವಾಗಿ 21 ಇಸ್ಪೀಟ್ ಎಲೆಗಳಲ್ಲಿ ಆಡುತ್ತಾರೆ. ಮಗುವಿನ ಕೈಯಲ್ಲಿ ಇಸ್ಪೀಟು ಕಂಡರೆ ಹಿರಿಯರಿಗೆ ಜೂಜು ನೆನಪಾಗುತ್ತದೆ, ಆದ್ದರಿಂದ ರಟ್ಟಿನ 21 ಚೀಟಿ ಕತ್ತರಿಸಿ ನಿಮ್ಮ ಮೂರು ತಾಲ್ಲೂಕಿನ ಊರುಗಳ ಹೆಸರು ಬರೆಯಿರಿ. ಸತ್ತೇಗಾಲ, ಮುಡಿಗುಂಡ, ಮಧುವನಹಳ್ಳಿ, ಪಾಳ್ಯ, ಕಾಮಗೆರೆ, ಕುಂತೂರು, ಸಿಂಗಾನಲ್ಲೂರು. ಅತ್ತ ರಾಮಾಪುರ, ಕೌದಳ್ಳಿ, ಲೊಕ್ಕನಹಳ್ಳಿ, ಒಡೆಯರಪಾಳ್ಯ, ಬಂಡಳ್ಳಿ, ಮಾರ್ಟಳ್ಳಿ. ಇತ್ತ ಅಗರ, ಮಾಂಬಳ್ಳಿ, ಕೆಸ್ತೂರು, ಗುಂಬಳ್ಳಿ, ಹೊನ್ನೂರು, ದುಗ್ಗಹಟ್ಟಿ, ಅಂಬಳೆ, ಮದ್ದೂರು. ಇಪ್ಪತ್ತೊಂದಾಯಿತು.

ಅಜ್ಜಿಗೆ ಒಂದು ಊರನ್ನು ಮನಸ್ಸಿನಲ್ಲೇ ಹಿಡಿದುಕೊಳ್ಳಲು ಹೇಳಲಿ, ಬಾಯಿ ಬಿಡಬಾರದು. ಚೀಟಿಗಳನ್ನು ಹೆಸರು ಕಾಣುವಂತೆ ಎಡದಿಂದ ಬಲಕ್ಕೆ ಮೂರು, ಅದರ ಕೆಳಗೆ ಮತ್ತೆ ಮೂರು, ಹೀಗೆ ಹಾಕುತ್ತ ಹೋದರೆ ಏಳೇಳರ ಮೂರು ಕಂಬಸಾಲು ಆಗುತ್ತದೆ. ‘ನಿಮ್ಮೂರು ಯಾವ ಸಾಲಿನಲ್ಲಿದೆ?’ ಎಂದಷ್ಟೇ ಕೇಳಬೇಕು. ಪ್ರತಿ ಸಾಲನ್ನೂ ಅದರ ಕ್ರಮ ಕೆಡದಂತೆ ಒಟ್ಟುಮಾಡಿ, ಅಜ್ಜಿ ತೋರಿಸಿದ ಸಾಲು ಉಳಿದೆರಡರ ನಡುವೆ ಬರುವಂತೆ ಜೋಡಿಸಿ, ಮೇಲಿನಿಂದ ಮತ್ತೆ ಅದೇ ರೀತಿ ಹಾಕಬೇಕು. ಇನ್ನೊಮ್ಮೆ ಕೇಳಿ ಮತ್ತೆ ನಡುವೆ. ಮೂರನೆಯ ಸಲವೂ ಹಾಗೇ. ಕೊನೆಗೆ ಮೇಲಿನಿಂದ ಎಣಿಸಿದರೆ ಹನ್ನೊಂದನೆಯ ಚೀಟಿ ಅಜ್ಜಿಯ ಮನಸ್ಸಿನಲ್ಲಿದ್ದ ಊರು. ಯಾವಾಗಲೂ ಹನ್ನೊಂದನೆಯದೇ.

ಇದು ಗಣಿತ, ಆದ್ದರಿಂದ ನಿಮಗೆ ಬಿಡಿಸಿ ಹೇಳಲು ಅಡ್ಡಿಯಿಲ್ಲ, ನಿಮ್ಮತ್ತೆಯವರಿಗೆ ಮಾತ್ರ ಈ ಭಾಗ ಓದಬೇಡಿ. ಮೊದಲ ಸಲ ಸಾಲು ತೋರಿಸಿದಾಗ ಅಜ್ಜಿಯ ಊರು 21ರಲ್ಲಿ ಯಾವುದೋ ಏಳರೊಳಗೆ ಇದೆಯೆಂದು ಗೊತ್ತಾಯಿತು. ಆ ಸಾಲನ್ನು ನಡುವೆ ಇಟ್ಟಾಗ ಅವು 8ರಿಂದ 14ನೆಯ ಜಾಗದಲ್ಲಿ ಕೂರುತ್ತವೆ. ಎರಡನೆಯ ಸಲ ಹಾಕಿದಾಗ ಆ ಏಳು ಮೂರೂ ಸಾಲಿಗೆ ಹಂಚಿಹೋಗಿ ಸಾಲುಗಳ ಮೂರರಿಂದ ಐದನೆಯವರೆಗಿನ ಮನೆಗಳಲ್ಲೇ ಬೀಳುತ್ತವೆ. ನಡುವೆ ಸೇರಿಸಿದರೆ ಅಜ್ಜಿಯ ಊರಿಗೆ ಉಳಿಯುವುದು 10, 11, 12 ಈ ಮೂರು ಜಾಗ ಮಾತ್ರ. ಮೂರನೆಯ ಸಲ ಈ ಮೂರು ಒಂದೊಂದು ಸಾಲಿಗೆ ಒಂದೊಂದರಂತೆ ನಾಲ್ಕನೆಯ ಮನೆಗೆ ಬೀಳುತ್ತವೆ. ಸಾಲು ಗೊತ್ತಾದರೆ ಊರು ಗೊತ್ತಾಯಿತು. ಇಪ್ಪತ್ತೊಂದು ಏಳಾಯಿತು, ಏಳು ಮೂರಾಯಿತು, ಮೂರು ಒಂದಾಯಿತು. ಇಷ್ಟನ್ನು ಹುಡುಗಿ ಕಾಗದದ ಮೇಲೆ ಬರೆದು ತಾನೇ ಕಂಡುಕೊಳ್ಳುವಂತೆ ಮಾಡಿದರೆ ಶಾಲೆಯ ಗಣಿತದ ಒಂದು ವಾರದ ಪಾಠಕ್ಕೆ ಸಮ. ಮತ್ತೆ, ಹನ್ನೊಂದು ಎಂದು ಬರೀ ಎಣಿಸಿ ಕೊಟ್ಟರೆ ಅದು ಲೆಕ್ಕ. ಅಜ್ಜಿಯ ಕಣ್ಣು ನೋಡುತ್ತ, “ಅಲ್ಲಿಗೆ ಮದುವೆಗೆ ಹೋಗಿದ್ರಾ? ದೂರ ಇದೆಯಾ?” ಎಂದು ಮಾತಾಡಿಸುತ್ತ, ಕೊನೆಗೆ “ಕೌದಳ್ಳಿ!” ಎಂದು ಚೀಟಿ ಎತ್ತಿದರೆ ಅದು ಜಾದೂ. ಮಾತು ಬಾರದವಳಿಗೆ ಮಾತು ಬರುತ್ತದೆ, ನಾಚಿಕೆಯ ಮಗು ಎದುರಿನವರ ಕಣ್ಣು ನೋಡಲು ಕಲಿಯುತ್ತದೆ.

ಹೆಣ್ಣುಮಕ್ಕಳಿಗೆ ಒಪ್ಪುತ್ತದೆಯೇ ಎಂದಿರಿ. ಬಹಳ ಕಾಲ ಈ ಕಲೆಯಲ್ಲಿ ಹೆಣ್ಣಿಗೆ ಇದ್ದದ್ದು ಪೆಟ್ಟಿಗೆಯೊಳಗೆ ಮಲಗಿ ಗರಗಸಕ್ಕೆ ಸಿಗುವ ಪಾತ್ರ ಮಾತ್ರ. 1905ರಲ್ಲಿ ಹುಟ್ಟಿದ ಲಂಡನ್ನಿನ ‘ಮ್ಯಾಜಿಕ್ ಸರ್ಕಲ್’ ಎಂಬ ಹೆಸರಾಂತ ಸಂಘ 1991ರವರೆಗೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲೇ ಇಲ್ಲ. ಆ ವರ್ಷವೇ ಸೋಫಿ ಲಾಯ್ಡ್ ಎಂಬ ಯುವತಿ ಗಂಡುಹುಡುಗನ ವೇಷ ಹಾಕಿ, ರೇಮಂಡ್ ಎಂಬ ಹೆಸರಿನಲ್ಲಿ ಅವರ ಪರೀಕ್ಷೆ ಪಾಸು ಮಾಡಿದರು. ಸತ್ಯ ಹೊರಬಿದ್ದಾಗ ಸಂಘ ಆಕೆಯನ್ನು ಹೊರಹಾಕಿತು. ಮತ್ತೆ ಕರೆದು ಸದಸ್ಯತ್ವ ಕೊಟ್ಟದ್ದು 2025ರಲ್ಲಿ. ಆ ಪರೀಕ್ಷಕರ ಕಣ್ಣೆದುರೇ ನಡೆದ ಅತಿ ದೊಡ್ಡ ಜಾದೂ ಆಕೆಯದೇ ಎಂದು ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಸುಹಾನಿ ಶಾ ಏಳನೆಯ ವಯಸ್ಸಿಗೆ, 1997ರಲ್ಲಿ, ಮೊದಲ ವೇದಿಕೆ ಹತ್ತಿದವರು. ಇಂದು ಮನಸ್ಸು ಓದುವ ಆಟಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದಾರೆ, ತನ್ನಲ್ಲಿ ಯಾವ ಅತೀಂದ್ರಿಯ ಶಕ್ತಿಯೂ ಇಲ್ಲ ಎಂದು ಹೇಳಿಯೇ ಆಟ ಆಡುತ್ತಾರೆ. ನಿಮ್ಮ ಮಗಳಿಗೆ ಅವರ ವಿಡಿಯೊ ತೋರಿಸಿ.

ಕಲಿಯುವ ದಾರಿಗಳು ಕಡಿಮೆಯೇನಿಲ್ಲ. ಶಾಲೆಯ ವಿಜ್ಞಾನ ಶಿಕ್ಷಕರನ್ನು ಮೊದಲು ಕೇಳಿ. ಭಾರತ ಜ್ಞಾನ ವಿಜ್ಞಾನ ಸಮಿತಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತುಗಳ ನಂಟಿರುವ ಶಿಕ್ಷಕರಿಗೆ ಪವಾಡ ಬಯಲಿನ ಆಟಗಳು ಗೊತ್ತಿರುವುದುಂಟು. ಬೇಸಿಗೆಯಲ್ಲಿ ಮೈಸೂರಿನ ರಂಗಾಯಣ ಮಕ್ಕಳಿಗಾಗಿ ಚಿನ್ನರ ಮೇಳ ನಡೆಸುತ್ತದೆ. ಅದು ನಾಟಕದ ಶಿಬಿರ. ಆದರೂ ವೇದಿಕೆಯ ಮೇಲೆ ನಿಲ್ಲುವುದು, ದನಿ ಎತ್ತುವುದು, ಕೈಕಾಲು ಎಲ್ಲಿಡಬೇಕೆಂಬುದು ಜಾದೂಗೂ ಅಷ್ಟೇ ಮುಖ್ಯ. ನಮ್ಮ ವೃತ್ತಿನಾಟಕ ಕಂಪನಿಗಳು ‘ಟ್ರಾನ್ಸ್‌ಫರ್ ಸೀನ್’ ಎಂದು ಕ್ಷಣದಲ್ಲಿ ವೇಷವನ್ನೂ ದೃಶ್ಯವನ್ನೂ ಬದಲಿಸಿ ಜನರನ್ನು ಬೆರಗುಗೊಳಿಸುತ್ತಿದ್ದವು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಮಗ ಮುತ್ತುರಾಜನನ್ನು (ಮುಂದೆ ಡಾ. ರಾಜ್‌ಕುಮಾರ್ ಆದವರು) ಕರೆದುಕೊಂಡು ಹೋಗಿ ಸೇರಿಸಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತು. ನಿಮ್ಮ ತಾಲ್ಲೂಕಿಗೆ ಈ ಕಲೆ ಹೊಸದಲ್ಲ.

ಅಂಗಡಿಯಲ್ಲಿ ಸಿಗುವ ಮ್ಯಾಜಿಕ್ ಸೆಟ್ಟಿಗೆ ದುಡ್ಡು ಸುರಿಯಬೇಡಿ. ನಾಣ್ಯ, ಕರವಸ್ತ್ರ, ರಬ್ಬರ್ ಬ್ಯಾಂಡು, ದಾರ, ನಿಮ್ಮ ಚೀಟಿಗಳು ಮೊದಲ ವರ್ಷಕ್ಕೆ ಸಾಕು. ಬೆಂಕಿಯ ಆಟ, ಬ್ಲೇಡು ನುಂಗುವ ಆಟ, ರಾಸಾಯನಿಕ ಬೆರೆಸುವ ಆಟ ಮೊಬೈಲಿನಲ್ಲಿ ಎಷ್ಟೇ ಸುಲಭವಾಗಿ ಕಂಡರೂ ಮಕ್ಕಳಿಗೆ ಬೇಡವೇ ಬೇಡ. ಆಟ ಕೆಟ್ಟರೆ ನಗುವವರು ನಗಲಿ, ಒಂದೇ ಕೂಟದಲ್ಲಿ ಅದೇ ಆಟವನ್ನು ಎರಡನೆಯ ಸಲ ಆಡಬಾರದು ಎಂಬುದನ್ನು ಮಾತ್ರ ಅವಳಿಗೆ ಮನದಟ್ಟು ಮಾಡಿಸಿ. ಎರಡನೆಯ ಸಲ ನೋಡುವವರಿಗೆ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ.

ಮೊದಲ ಪ್ರೇಕ್ಷಕಿ ನಿಮ್ಮತ್ತೆಯವರೇ ಆಗಲಿ, ಎರಡನೆಯ ಪ್ರದರ್ಶನ ಹನೂರಿನ ನಾದಿನಿಯ ಮನೆಯಲ್ಲಿ. ಫೆಬ್ರವರಿ 23 ಸೊರ್ಕಾರ್ ಹುಟ್ಟಿದ ದಿನ, ಅದನ್ನು ದೇಶದ ಜಾದೂಗಾರರು ಜಾದೂ ದಿನವಾಗಿ ಆಚರಿಸುತ್ತಾರೆ. ಈಗಿನಿಂದಲೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಆ ದಿನ ಪ್ರಾರ್ಥನೆಯ ನಂತರ ಅವಳಿಗೆ ಹತ್ತು ನಿಮಿಷ ಕೇಳಿ. ಐದು ನಿಮಿಷ ಚೀಟಿಯ ಆಟ, ಐದು ನಿಮಿಷ ದಾಸವಾಳ ಮತ್ತು ನಿಂಬೆಹಣ್ಣು, ಚಾಕು ಶಿಕ್ಷಕರ ಕೈಯಲ್ಲಿರಲಿ. ಚೀಟಿಯದನ್ನು ಅವಳು ಗುಟ್ಟಾಗಿಡಲಿ, ನಿಂಬೆಹಣ್ಣಿನದನ್ನು ಎಲ್ಲ ಮಕ್ಕಳಿಗೂ ಬಿಡಿಸಿ ಹೇಳಲಿ. ನಿಮ್ಮ ಹಾಗೆಯೇ ಮಕ್ಕಳಿರುವ ಕೊಳ್ಳೇಗಾಲ, ಹನೂರು, ಯಳಂದೂರಿನ ಉಳಿದ ತಾಯಂದಿರನ್ನೂ ಇದಕ್ಕೆ ಕರೆಯಿರಿ.